ಎತ್ತು ತಿಂದ ಲೆಕ್ಕ

ಗಂಡಸಾದವನು ಹೊರಗಿನ ಯಾವ ಇಬ್ಬರನ್ನಾದರೂ ಹೋಲಿಸಬಹುದು, ಮನೆಯೊಳಗಿನ ಇಬ್ಬರನ್ನು ಮಾತ್ರ ಹೋಲಿಸಬಾರದು. ಇಳಕಲ್ಲಿನ ಪಿ.ಟಿ. ಮಾಸ್ತರ ಮಹಾಂತೇಶನಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಬ್ಯಾಸ್ಕೆಟ್‌ಬಾಲ್ ಹುಚ್ಚು ತಲೆಗೇರಿದಾಗ ಗೊತ್ತಿದ್ದದ್ದೂ ಮರೆತುಹೋಗುತ್ತಿತ್ತು, ಅಷ್ಟೆ.

ಹುಚ್ಚೆಂದರೆ ಅಂಥಿಂಥ ಹುಚ್ಚಲ್ಲ. (ಸ್ವತಃ ಆಡುತ್ತಿದ್ದನೇ ಎಂದು ಕೇಳಬೇಡಿ. ಗೋಡೆಯ ಮಾಡದಲ್ಲಿನ ಉಪ್ಪಿನಕಾಯಿ ಭರಣಿಯೂ ಅವನ ಕೈಗೆ ನಿಲುಕುವುದಿಲ್ಲ, ಹೆಂಡತಿ ರೋಹಿಣಿಯೇ ಇಳಿಸಿಕೊಡಬೇಕು.) ಅಮೆರಿಕದಲ್ಲಿ ರಾತ್ರಿ ಪ್ಲೇಆಫ್ ನಡೆದರೆ ಇಲ್ಲಿ ಬೆಳಗು. ಹಾಲಿನವನು ಕೂಗಿ ಕೂಗಿ ಸಾಕಾಗಿ ಹೋದರೂ ಈತನ ಕಣ್ಣು ಟಿವಿಯಿಂದ ಕದಲದು. ಆಟಕ್ಕಿಂತಲೂ ಪ್ರಿಯವಾದದ್ದೆಂದರೆ ಹಳೆಯ ಕಾಲದ ಮಹಾರಥರನ್ನೂ ಇಂದಿನ ಮಹಾರಥರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು. ಯಾರು ಎಷ್ಟು ಅಂಕ ಗಳಿಸಿದರು ಎಂಬುದು ಮುಖ್ಯವಲ್ಲ, ಅಷ್ಟು ಗಳಿಸಲು ಎಷ್ಟು ಎಸೆತ ಹಾಳು ಮಾಡಿದರು ಎಂಬುದು ಮುಖ್ಯ, ಅದೂ ಸೋತರೆ ಮನೆಗೆ ಎನ್ನುವ ಪ್ಲೇಆಫಿನಲ್ಲಿ, ಎಂಬುದು ಅವನ ಘನ ಸಿದ್ಧಾಂತ. ಆಮೇಲೆ ಆ ಕಾಲದ ಉಳಿದವರ ಆಟ ನೋಡಿ ಒಂದಿಷ್ಟು ಕೂಡಿಸಬೇಕು, ಒಂದಿಷ್ಟು ಕಳೆಯಬೇಕು.

ಎತ್ತುಗಳನ್ನು ಪೂಜಿಸುವ ಕಾರ ಹುಣ್ಣಿಮೆಯ ದಿನ ಈ ಸಿದ್ಧಾಂತ ಅಡುಗೆಮನೆಗೆ ನುಗ್ಗಿತು.

ಅವನ ತಾಯಿ ದುರಗವ್ವ ಶಿರೂರಿನಿಂದ ಬಂದಿದ್ದಳು. ಸೊಸೆಯ ಜೊತೆ ಸಾರಿನ ಉಪ್ಪಿನ ವಿಷಯಕ್ಕೆ ಮನಸ್ತಾಪವಾಗಿ ಎಷ್ಟೋ ಹಬ್ಬ ಈ ಮನೆಯ ಹೊಸ್ತಿಲು ತುಳಿಯದವಳು ಈ ಸಲ ಬಂದಿದ್ದಾಳೆಂದರೆ ಅದು ರೋಹಿಣಿ ತಾನಾಗಿ ಫೋನ್ ಮಾಡಿ ಕರೆದದ್ದಕ್ಕೆ. ಇಬ್ಬರೂ ಒಂದು ಹೊತ್ತು ನಗುತ್ತಾ ಉಂಡರೆ ಸಾಕೆಂದು ಮಹಾಂತೇಶ ತುಳಸಿಗೇರಿ ಹಣಮಪ್ಪನಿಗೆ ಕಾಯಿ ಹರಕೆ ಹೊತ್ತಿದ್ದ. ಹರಕೆ ಫಲಿಸುವಂತೆಯೇ ಇತ್ತು. ಅತ್ತೆ ಹೂರಣದ ಉಂಡೆ ಕಟ್ಟುತ್ತಿದ್ದಳು, ಸೊಸೆ ಲಟ್ಟಿಸಿ ಬೇಯಿಸುತ್ತಿದ್ದಳು. ಊಟಕ್ಕೆ ಕರೆದಿದ್ದ ಗಣಿತದ ಮಾಸ್ತರ ನಬಿಸಾಬ ಪಡಸಾಲೆಯಲ್ಲಿ ಕೂತು ಎಂದಿನ ವಾದ ತೆಗೆದ.

“ದೋಸ್ತ, ನಿನ್ನ ಹಳೇ ಮಂದಿ ಭಾರಿ ಅಂತಿ. ಅವರ ಕಾಲಕ್ಕ ದೂರದಿಂದ ಎಸದ್ರ ಮೂರು ಅಂಕ ಕೊಡೋ ಗೆರಿನ ಇರಲಿಲ್ಲ. ಹೆಂಗ ತೂಗ್ತಿ ಈಗಿನವರ ಜೋಡಿ?”

ಅಷ್ಟರಲ್ಲಿ ಒಳಗಿನಿಂದ ರೋಹಿಣಿಯ ದನಿ: “ಅಯ್ಯ, ಮತ್ತೊಂದು ಒಡೀತು ನೋಡ್ರಿ ಅತ್ತಿ.”

ಹೋಳಿಗೆ ಒಡೆದು ಹೂರಣ ಹಂಚಿಗೆ ಹತ್ತಿದ ವಾಸನೆ ಬಂತು. ವಿನಾಶಕಾಲೇ ವಿಪರೀತ ಬುದ್ಧಿ.

“ತಗೋ, ಉದಾಹರಣಿ ಮನ್ಯಾಗ ಐತಿ!” ಎಂದು ಮಹಾಂತೇಶ ತೊಡೆ ತಟ್ಟಿದ. “ದಿನದ ರೊಟ್ಟಿ ಅಂದ್ರ ಲೀಗ್ ಮ್ಯಾಚ್. ಹಬ್ಬದ ಹೋಳಿಗಿ ಪ್ಲೇಆಫ್. ನಮ್ಮವ್ವ ಕಟಗಿ ಒಲಿ ಮುಂದ, ಹೊಗಿ ಕುಡಕೋತ ಮಾಡಿದಾಕಿ. ಆದ್ರೂ ಒಂದs ಒಂದು ಹೋಳಿಗಿ ಒಡದದ್ದು ನಾ ನೋಡಿಲ್ಲ. ನೂರಕ್ಕ ನೂರು! ಇಲ್ಲಿ ನೋಡು, ಗ್ಯಾಸ್ ಐತಿ, ಚಲೋ ಹಂಚೈತಿ, ಆದ್ರೂ ಎಸೆತ ಹಾಳ ಆಗಾಕತ್ತಾವು.”

ಲಟ್ಟಣಿಗೆಯ ಸದ್ದು ನಿಂತಿತು. ನಬಿಸಾಬನ ಮುಖ ಸಪ್ಪಗಾಯಿತು. (ಮದುವೆಯಾದವನು, ಅವನಿಗೆ ತಿಳಿಯದೇ?) ರೋಹಿಣಿ ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

“ಏನಂದ್ರಿ?”

“ಏನಿಲ್ಲ, ಅಮೆರಿಕಾದ ಸುದ್ದಿ.”

“ಅಮೆರಿಕಾದಾಗ ಹೋಳಿಗಿ ಯಾವಾಗಿಂದ ಮಾಡಾಕತ್ಯಾರ? ಗ್ಯಾಸ್ ಆರಿಸೇನಿ. ನೂರಕ್ಕ ನೂರು ತಗೊಂಡವರ ಕಡೆ ಉಳಿದದ್ದು ಮಾಡಿಸ್ಕೋರಿ.”

ಮಹಾಂತೇಶ ಗಾಬರಿಯಿಂದ ತನ್ನ ಸಿದ್ಧಾಂತದ ಎರಡನೆಯ ಭಾಗಕ್ಕೆ ಕೈ ಹಾಕಿದ. ಬೆಂಕಿ ಆರಿಸಲು ಎಣ್ಣೆ ತಂದ ಹಾಗೆ.

“ಹಂಗಲ್ಲ ಮಾರಾಯ್ತಿ, ಕಾಲ ನೋಡಿ ಕಳೀಬೇಕು! ಅವ್ವನ ಕಾಲಕ್ಕ ಪೈಪೋಟಿ ಎಲ್ಲಿತ್ತು? ನಮ್ಮ ಓಣ್ಯಾಗ ಎಲ್ಲಾರ ಹೋಳಿಗಿನೂ ತೊಗಲಿನಂಗ ಇರ್ತಿದ್ದವು. ಅದಕ ಅವ್ವನ ಲೆಕ್ಕದಾಗ ಒಂದಿಷ್ಟು ಕಡಿಮಿ ಮಾಡಿದ್ರ ಇಬ್ಬರೂ ಸರೀ ಸಮ!”

ಈಗ ದುರಗವ್ವ ಎದ್ದಳು. ಹೂರಣದ ಕೈ ತೊಳೆದು, ಸೆರಗಿಗೆ ಒರೆಸಿ, ಮೂಲೆಯಲ್ಲಿದ್ದ ತನ್ನ ಚೀಲ ಎತ್ತಿಕೊಂಡಳು.

“ನನ್ನ ಹೋಳಿಗಿ ಕಡಿಮಿ ಮಾಡ್ತಿ ಹೌದಿಲ್ಲೋ ಮಾಂತ್ಯಾ? ಶಿರೂರ ಬಸ್ಸು ಎಷ್ಟೊತ್ತಿಗೈತಿ ಹೇಳು.”

“ದೋಸ್ತ, ನಾ ಆಮ್ಯಾಲ ಬರ್ತೇನಿ,” ಎಂದು ನಬಿಸಾಬ ಚಪ್ಪಲಿ ಹುಡುಕತೊಡಗಿದ. ಮಹಾಂತೇಶನಿಗೆ ನಿಜವಾಗಿಯೂ ಅಳು ಬಂದಂತಾಯಿತು. ಅವ್ವ ಈಗ ಹೊಸ್ತಿಲು ದಾಟಿದರೆ ಮತ್ತೆ ಬರುವವಳಲ್ಲ. ರೋಹಿಣಿಯೂ ಮತ್ತೆ ಫೋನ್ ಮಾಡುವವಳಲ್ಲ. ಬಾಗಿಲಿಗೆ ಅಡ್ಡ ನಿಂತ.

ಆಗ ರೋಹಿಣಿಯೇ ಕೇಳಿದಳು. ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕೆಂದು. “ಅತ್ತಿ, ಖರೇನ ಒಂದೂ ಒಡೀತಿರಲಿಲ್ಲೇನ್ರಿ?”

ದುರಗವ್ವ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು. ಬಿಗಿದ ತುಟಿ ಅದುರಿತು, ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

“ಯಾವ ಹುಚ್ಚ ಹೇಳಿದ? ಕಾರ ಹುಣ್ಣಿವಿ ದಿನ ಎತ್ತಿಗೆ ತಿನಸದ ನಾವು ಉಣ್ಣತಿದ್ವೇನ? ಇವ ತಾಟಿನ ಮುಂದ ಕೂಡೂದ್ರೊಳಗ ಒಡದವೆಲ್ಲಾ ನಮ್ಮ ಬಸ್ಯಾ ಎತ್ತಿನ ಹೊಟ್ಟಿ ಸೇರತಿದ್ದವು. ನೆಟ್ಟಗಿದ್ದವು ಇವನ ತಾಟಿಗೆ. ಒಂದ ವರ್ಷ ಎಷ್ಟು ಒಡದಿದ್ದವಂದ್ರ, ಬಸ್ಯಾನೂ ಸಾಕಾಗಿ ಮಾರಿ ತಿರುವಿದ್ದ!”

ರೋಹಿಣಿ ಲಟ್ಟಣಿಗೆಯ ಸಮೇತ ಕೂತು ನಕ್ಕಳು. ನಬಿಸಾಬ ಚಪ್ಪಲಿ ಬಿಟ್ಟು ವಾಪಸ್ ಬಂದ. “ಹೋತು ದೋಸ್ತ, ನಿನ್ನ ನೂರಕ್ಕ ನೂರು. ಬಿದ್ದ ಎಸೆತ ಎಲ್ಲಾ ಎತ್ತು ತಿಂದತಿ!”

ತನ್ನ ಬಾಲ್ಯದ ಭವ್ಯ ದಾಖಲೆ ಹೀಗೆ ಒಂದು ಮೂಕ ಪ್ರಾಣಿಯ ಹೊಟ್ಟೆಯಲ್ಲಿ ಕರಗಿಹೋದದ್ದಕ್ಕೆ ಮಹಾಂತೇಶ ದುಃಖಪಡಬೇಕಿತ್ತು. ಅವನು ನೋಡಿದ್ದು ಅವ್ವನ ಚೀಲ ಮತ್ತೆ ಮೂಲೆ ಸೇರಿದ್ದನ್ನು ಮಾತ್ರ. ಎದೆಯ ಮೇಲಿನ ಬೀಸುಕಲ್ಲು ಇಳಿಸಿದಂತಾಗಿ ಅಲ್ಲೇ ಕುಸಿದು ಕೂತ.

“ಕಣಕ ಬಿರುಸಾಗೈತವ್ವ, ಇನ್ನೊಂಚೂರು ಎಣ್ಣಿ ಹಾಕಿ ನಾದು. ಲಟ್ಟಣಿಗಿ ತಾ ಇಲ್ಲೆ, ನಾ ಲಟ್ಟಸ್ತೇನಿ,” ಎಂದಳು ದುರಗವ್ವ. ಆಮೇಲೆ ಒಡೆದ ಹೋಳಿಗೆಗಳ ರಾಶಿ ನೋಡಿ, “ಇವನ್ನೇನ ಮಾಡೂದು? ಇಲ್ಲಿ ಎತ್ತಿಲ್ಲಲ್ಲ.”

“ಯಾಕಿಲ್ರಿ ಅತ್ತಿ?” ಎಂದಳು ರೋಹಿಣಿ.

ಇಬ್ಬರೂ ಒಟ್ಟಿಗೆ ಪಡಸಾಲೆಯ ಕಡೆ ತಿರುಗಿದರು.

ನಬಿಸಾಬನ ತಾಟಿಗೆ ನೆಟ್ಟಗಿನ ಹೋಳಿಗೆ ಬಿದ್ದವು. ಮಹಾಂತೇಶನ ಹಣೆಗೆ ಕುಂಕುಮ ಬಿತ್ತು. ಎದುರಿಗೆ ಒಡೆದವುಗಳ ಗುಡ್ಡ, ಮೇಲೆ ತುಪ್ಪ. ದುರಗವ್ವ ಬಸ್ಯಾನ ಬೆನ್ನು ಸವರುತ್ತಿದ್ದಂತೆಯೇ ಅವನ ಬೆನ್ನು ಸವರಿ, “ತಿನ್ನು ನನ್ನಪ್ಪಾ,” ಎಂದಳು. ಅವನು ತಲೆ ಬಗ್ಗಿಸಿ ತಿಂದ. ರುಚಿಗೇನೂ ಕೊರತೆ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಮತ್ತೆ “ಅಯ್ಯ!” ಎಂಬ ದನಿ, ಹಿಂದೆಯೇ ಅತ್ತೆ ಸೊಸೆಯರ ನಗು. ಈಗ ಲಟ್ಟಣಿಗೆ ಯಾರ ಕೈಯಲ್ಲಿದೆ ಎಂಬುದು ಮಹಾಂತೇಶನಿಗೆ ಚೆನ್ನಾಗಿ ಗೊತ್ತಿತ್ತು. ಅವನು ತಾಟನ್ನು ಸುಮ್ಮನೆ ಮುಂದೆ ಸರಿಸಿದ.