ತೊಳೆಸದ ಇಂಜಿನ್ನಿನ ವಿಜಯ

ಕಣ್ಣಿಗೆ ಕಾಣದ ಜಾಗವನ್ನು ದುಡ್ಡು ಕೊಟ್ಟು ತೊಳೆಸುವವರ ಬಗ್ಗೆ ನನಗೆ ಗೌರವವಿದೆ; ಅವರ ಸಾಲಿಗೆ ಸೇರುವ ಆಸೆ ಮಾತ್ರ ಇಲ್ಲ. ಡೊಂಬಿವಲಿಯ ನಮ್ಮ ಮನೆಯ ಫ್ರಿಜ್ಜಿನ ಹಿಂಭಾಗ ಹೇಗಿದೆ ಎಂಬುದು ಅದನ್ನು ತಂದಿಟ್ಟವನಿಗಷ್ಟೇ ಗೊತ್ತು. ಹಾಗಾಗಿ ಹಳೆಯ ಕಾರನ್ನು ಮಾರಲು ಹೊರಟಾಗ ಹೆಂಡತಿ ಸುಧಾ, "ಮೊದಲು ಇಂಜಿನ್ ತೊಳೆಸಿ ರೀ," ಎಂದದ್ದು ನನಗೆ ಹಿಡಿಸಲಿಲ್ಲ.

ಆದರೂ ಗ್ಯಾರೇಜಿಗೆ ಹೋಗಿ ವಿಚಾರಿಸಿದೆ. "ಫೋಮ್ ವಾಶ್, ಮೇಲೆ ಪಾಲಿಷ್, ದೋ ಹಜಾರ್ ಸಾಬ್," ಎಂದ ಅಲ್ಲಿನ ಮೆಕ್ಯಾನಿಕ್. ತಿಂಗಳಿಡೀ ಕಾರಿಗೆ ಸ್ನಾನ ಮಾಡಿಸುವ ನಮ್ಮ ವಾಚ್‌ಮನ್ ಆರುನೂರು ತೆಗೆದುಕೊಳ್ಳುತ್ತಾನೆ. ಬಾನೆಟ್ಟಿನ ಒಳಗಿನ ಮೊಳದಷ್ಟು ಜಾಗಕ್ಕೆ ಎರಡು ಸಾವಿರವೇ? ಹೊಟ್ಟೆ ಉರಿದು ವಾಪಸು ಬಂದೆ. ಆಮೇಲೆ ಬಂದ ಇಬ್ಬರು ಗಿರಾಕಿಗಳು ಬಾನೆಟ್ ಎತ್ತಿ, ಮೂಗು ಮುರಿದು, ಫೋನ್ ಮಾಡುತ್ತೇವೆಂದು ಹೋದರು. ಆ ಫೋನು ಇನ್ನೂ ಬಂದಿಲ್ಲ. "ಮೂರನೆಯವರೂ ಹೀಗೇ ಹೋದ್ರೆ, ಕಾರಿನ ವಿಷಯಕ್ಕೆ ಇನ್ಮೇಲೆ ನೀವು ಬಾಯಿ ಹಾಕ್ಬೇಡಿ," ಎಂದಳು ಸುಧಾ. ನಮ್ಮ ಮನೆಯಲ್ಲಿ ನಾನು ಬಾಯಿ ಹಾಕಬಹುದಾದ ವಿಷಯ ಉಳಿದಿದ್ದುದು ಅದೊಂದೇ.

ಮೂರನೆಯವರು ತುರ್ಭೆಯಲ್ಲಿ ಲಾರಿಗಳಿಗೆ ಸರಕು ತುಂಬಿಸುವ ಲೋಡಿಂಗ್ ಕಂತ್ರಾಟು ಮಾಡುವ ವಿಜಯಪುರದ ಕಡೆಯ ಯಜಮಾನರು. ಅವರು ಬಾನೆಟ್ ಎತ್ತಿದರು, ನಾನು ಆಕಾಶ ನೋಡಿದೆ. ಟಾರ್ಚಿನ ಬೆಳಕು ಬಿಟ್ಟು, ಬೆರಳಿನಿಂದ ಧೂಳು ಒರೆಸಿ, "ತೊಳಿಸಿಲ್ಲೇನ್ರಿ ಸಾಹೇಬ್ರ?" ಎಂದರು.

"ಇಲ್ಲ," ಎಂದೆ, ಕಳ್ಳನಂತೆ.

"ಚಲೋ ಆತು ಬಿಡ್ರಿ. ಹೊಳಿಯೋ ಇಂಜಿನ್ ನಾ ನಂಬಂಗಿಲ್ಲ. ಆಯಿಲ್ ಸೋರೂದು ಮುಚ್ಚಾಕ ತೊಳಸ್ತಾರ. ನಿಮ್ದು ಬರೇ ಧೂಳ ಐತಿ, ಒಂದ್ ಹನಿ ಆಯಿಲ್ ಇಲ್ಲ."

ಹೇಳಿದ ಬೆಲೆಗೇ ಕಾರು ಹೋಯಿತು. ನನ್ನ ಸೋಮಾರಿತನಕ್ಕೆ ಪ್ರಾಮಾಣಿಕತೆ ಎಂಬ ಇನ್ನೊಂದು ಹೆಸರಿದೆಯೆಂದು ತಿಳಿದು ಎದೆಯುಬ್ಬಿತು. ವಾರವೆಲ್ಲ ಲೋಕಲ್ ಟ್ರೈನಿನಲ್ಲಿ, ತಪ್ಪಿಸಿಕೊಂಡು ಹೋಗಲು ಜಾಗವಿಲ್ಲದ ಸಹಪ್ರಯಾಣಿಕರಿಗೆ, ಇಂಜಿನ್ ತೊಳೆಸುವವರ ಮೋಸದ ಬಗ್ಗೆ ಉಪನ್ಯಾಸ ಕೊಟ್ಟೆ. ಮನೆಯಲ್ಲಿ ಅದೇ ಉಪನ್ಯಾಸಕ್ಕೆ ಕಿವಿಗೊಟ್ಟ ಸುಧಾ, ನಾನು ಕೇಳದೆಯೇ ಎರಡು ಸಲ ಕಾಫಿ ಕೊಟ್ಟಳು. ಗೆಲುವು ಎಂದರೆ ಇದೇ.

ಅದೇ ಹುಮ್ಮಸ್ಸಿನಲ್ಲಿ ಭಾನುವಾರ ಮಾಜಿವಾಡಾದ ಹತ್ತಿರದ ಹಳೆ ಕಾರುಗಳ ಅಂಗಡಿಗೆ ಒಬ್ಬನೇ ಹೋಗಿ, ಚೌಕಾಸಿಯನ್ನೂ ಮಾಡದೆ, ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡು ತಂದೆ. ಸುಧಾ ಕೆಳಗಿಳಿದು ಬಂದು ಸುತ್ತ ನೋಡಿ, "ಏನು ನೋಡಿ ಒಪ್ಪಿಕೊಂಡ್ರಿ?" ಎಂದಳು. ಹೆಮ್ಮೆಯಿಂದ ಬಾನೆಟ್ ಎತ್ತಿದೆ. ಇಂಜಿನ್ ಎಷ್ಟು ಫಳಫಳ ಹೊಳೆಯುತ್ತಿತ್ತೆಂದರೆ, ಪಕ್ಕದಲ್ಲಿ ನಿಂತ ಸುಧಾ ನಗುತ್ತಿರುವುದು ನನಗೆ ಅದರಲ್ಲೇ ಕಾಣಿಸಿತು.