ಬರೀ ಬಟ್ಟಲು ಮರಳಿಸಬಾರದು

"ಮುನವ್ವರ ಬೇಗಂ ಭಾಲ್ಕಿ ಬಿಟ್ಟು ಹೋದ್ಲಂದ್ರ ನಾ ಅನುಸೂಯಾಬಾಯಿನೇ ಅಲ್ಲ!"

ಹೀಗೆಂದು ಅನುಸೂಯಾಬಾಯಿ ಗುಡುಗಿದ್ದು ಬೀಸುವ ಕಲ್ಲಿನ ಮುಂದೆ ಕೂತು. ಕೇಳಿದವರು ಯಾರೂ ಇಲ್ಲ. ಗಂಡ ಇದ್ದಿದ್ದರೆ, "ಮತ್ತ ಯಾರು ನೀ?" ಅಂತ ಕೇಳಿರುತ್ತಿದ್ದ. ಅವನು ಹೋಗಿ ಹನ್ನೊಂದು ತಿಂಗಳಾಗಿತ್ತು.

ವಿಷಯ ಇಷ್ಟೇ. ಪೊಲೀಸ್ ಆ್ಯಕ್ಷನ್ ಆಗಿ ವರ್ಷ ಕಳೆದಿತ್ತು. ನಿಜಾಮರ ಕಾಲದ ಉರ್ದು ಶಾಲೆ ಕನ್ನಡ ಶಾಲೆಯಾಯಿತು. ಗೋಡೆಯಾಚೆಯ ಮನೆಯ ಮುರ್ತುಜಾ ಮಾಸ್ತರರು ಹದಿನೆಂಟು ವರ್ಷ ಉರ್ದುವಿನಲ್ಲೇ ಪಾಠ ಹೇಳಿದವರು. ಮೇಲಿನಿಂದ ಅಪ್ಪಣೆ ಬಂತು: ದೀಪಾವಳಿ ಆದಮೇಲೆ ಬೀದರಿಗೆ ಬಂದು ಕನ್ನಡ ಪರೀಕ್ಷೆ ಪಾಸು ಮಾಡಿ, ಇಲ್ಲವಾದರೆ ಮನೆಯಲ್ಲಿರಿ! ಅತ್ತ ಹೈದರಾಬಾದಿನಿಂದ ಮಾಸ್ತರರ ಹೆಂಡತಿ ಮುನವ್ವರ ಬೇಗಂಳ ಅಣ್ಣ ಗೌಸೋದ್ದೀನನ ಕಾಗದ: ಪರೀಕ್ಷೆ ಗಿರೀಕ್ಷೆ ಬಿಟ್ಟು ಇಲ್ಲಿಗೆ ಬಂದುಬಿಡಿ.

"ನಾಪಾಸ್ ಆದ್ರ ಹೊಂಟ್ವಿ ಬಾಯಿ," ಎಂದಿದ್ದಳು ಮುನವ್ವರ. "ನಮ್ಮೋರಿಗಿ ಬರೋ ಕನ್ನಡ ಮೂರೇ ಮಾತು. ಬಾ, ಕೂಡು, ಬೆತ್ತ ತಾ!"

ಅನುಸೂಯಾಬಾಯಿಗೆ ಮುನವ್ವರ ಬರಿಯ ನೆರೆಯವಳಲ್ಲ. ಗಂಡ ಸತ್ತ ಮೇಲೆ ಆಕೆ ಯಾರ ಹತ್ತಿರವೂ ಮಾತಾಡಿರಲಿಲ್ಲ. ಬಂದವರೆಲ್ಲ ಅತ್ತರು, ಸಮಾಧಾನ ಹೇಳಿದರು, ಚಹಾ ಕುಡಿದು ಹೋದರು. ಮುನವ್ವರ ಮಾತ್ರ ಗೋಡೆಯ ಮೇಲಿಂದ ಒಂದು ಬಟ್ಟಲು ಖೀರು ಚಾಚಿದಳು. ಬರೀ ಬಟ್ಟಲು ಮರಳಿಸಬಾರದು, ಅದು ಊರ ರಿವಾಜು. ಅನುಸೂಯಾಬಾಯಿ ಮರುದಿನ ಶೇಂಗಾ ತುಂಬಿ ಬಾಯಿ ಬಿಚ್ಚದೆ ಕೊಟ್ಟಳು.

"ಬಾಯಿ, ಬಟ್ಟಲಾ ತುಂಬೇದ, ನಿಮ್ಮ ಬಾಯಿ ಖಾಲಿ ಅದ. ಒಂದು ಮಾತರ ಹಾಕ್ರಿ!"

"ಏನ್ ಹಾಕ್ಲಿ?"

"ನಾ ಈಗ ಎರಡ್ ಸಲ ಬಾಯಿ ಅಂದೆ. ಒಂದು ನೀವು, ಒಂದು ನಿಮ್ಮ ಹಲ್ಲಿರೋ ಜಾಗಾ. ನಮ್ಮ ಉರ್ದು ಮಾತಿನಾಗ ಬಾಯಿ ಅಂದ್ರ ಬರೀ ನೀವೇ. ಹ್ಯಾಂಗ ಇದು?"

ಅನುಸೂಯಾಬಾಯಿ ಯೋಚಿಸಿದಳು. ಹೌದಲ್ಲ! ಮೂವತ್ತಾರು ವರ್ಷ ಹೆಸರಿನ ಬಾಲಕ್ಕೆ ಬಾಯಿ ಕಟ್ಟಿಕೊಂಡು ತಿರುಗಿದರೂ ಹೊಳೆದಿರಲಿಲ್ಲ.

"ಮತ್ತ ಕಲ್ ಅಂದ್ರ ನಿಮ್ಮಲ್ಲಿ ಏನು?" ಕೇಳಿದಳು ಮುನವ್ವರ.

"ಕಲ್ಲು."

"ನಮ್ಮಲ್ಲಿ ನಿನ್ನಿ. ನಾಳಿನೂ ಅದೇ."

ನಿನ್ನೆಗೂ ನಾಳೆಗೂ ಒಂದೇ ಮಾತು, ಅದೂ ಕಲ್ಲು! ಆ ದಿನಗಳಲ್ಲಿ ಅನುಸೂಯಾಬಾಯಿಗೆ ಮೂರೂ ಅರ್ಥ ಸರಿಯಾಗಿಯೇ ಕಂಡವು. ಆದರೂ ತಿಂಗಳುಗಳಲ್ಲಿ ಮೊದಲ ಸಲ ರಾತ್ರಿ ಗಂಡನನ್ನು ಬಿಟ್ಟು ಬೇರೆ ಏನನ್ನೋ ಯೋಚಿಸುತ್ತ ಮಲಗಿದಳು. ಸಪ್ಪಳ ಅದೇ. ಮನೆ ಬದಲಾದರೆ ಒಳಗಿನ ಸಾಮಾನು ಬೇರೆ. ಈ ಅರ್ಥ ಅನ್ನೋದು ಇರೋದೆಲ್ಲಿ? ನಾಲಿಗೆಯಲ್ಲೋ, ಕಿವಿಯಲ್ಲೋ?

ಅಂದಿನಿಂದ ಕಟ್ಟಳೆಯಾಯಿತು. ಬಟ್ಟಲು ಮರಳುವಾಗ ಒಳಗೆ ತಿನಿಸು ಇರಬೇಕು, ಜೊತೆಗೆ ಇಂಥದೊಂದು ಮಾತೂ ಇರಬೇಕು. ಮಾತು ಸಿಗದಿದ್ದರೆ ಬಟ್ಟಲು ಅಲ್ಲೇ. ಮರೆಯಬಾರದೆಂದು ಅನುಸೂಯಾಬಾಯಿ ಇದ್ದಿಲಿನಿಂದ ಬಟ್ಟಲಿನ ತಳಕ್ಕೆ ಆ ಮಾತನ್ನು ಬರೆದೂ ಕಳಿಸುವಳು. ಚಿಕ್ಕಂದಿನಲ್ಲಿ ಮಠದಲ್ಲಿ ಎರಡು ವರ್ಷ ಅಕ್ಷರ ತಿದ್ದಿದ್ದಳು. ಅಕ್ಷರ ಒಂದೊಂದೂ ಎಮ್ಮೆಯಷ್ಟು!

ಈಗ ಆಕೆಯ ತಲೆಯಲ್ಲಿ ಮಹಾ ಉಪಾಯವೊಂದು ಮೂಡಿತು. ನೆರೆಯವಳ ಬಟ್ಟಲು ಮನೆಯಲ್ಲಿಟ್ಟುಕೊಂಡು ಊರು ಬಿಡುವ ಹೆಂಗಸು ಭಾಲ್ಕಿಯಲ್ಲಿ ಇನ್ನೂ ಹುಟ್ಟಿಲ್ಲ. ಅಂದಮೇಲೆ ಮುನವ್ವರಳಿಗೆ ಉತ್ತರ ಸಿಗದಂಥ ಮಾತು ಕೊಡಬೇಕು. ಬಟ್ಟಲು ಅಲ್ಲಿ ಸಿಕ್ಕಿಬೀಳಬೇಕು. ಬಟ್ಟಲು ಸಿಕ್ಕರೆ ಮುನವ್ವರಳೂ ಸಿಕ್ಕಂತೆ!

ಸೋಮವಾರ ತನ್ನದೇ ಒಂದು ಬಟ್ಟಲು ಹೋಯಿತು.

"ಕೋಳಿ! ನಮಗ ಕೋಳಿ. ನನ್ನ ತವರು ಕಮಲನಗರದಾಗ ಮರಾಠಿ ಮಂದಿಗಿ ಕೋಳಿ ಅಂದ್ರ ಜೇಡ."

"ಯಾ ಅಲ್ಲಾ! ಅಲ್ಲಿ ಹೋಗಿ ಕೋಳಿ ಸಾರು ಕೇಳಿದ್ರ ಏನ್ ಗತಿ?"

ಬುಧವಾರ ತಂಬಿಗೆ ಹೋಯಿತು. "ತಾಯಿ! ನಮಗ ಅವ್ವ. ಅವರಿಗಿ ಅಕ್ಕ."

"ತೋಬಾ! ಎರಡ್ ಹರದಾರಿ ನಡದ್ರ ಅವ್ವ ಅಕ್ಕ ಆಗ್ತಾಳ?"

ಶನಿವಾರ ದೊಡ್ಡ ಬೋಗಾಣಿ ತುಂಬ ಹುಗ್ಗಿ. ಜೊತೆಗೆ ಮೂರು ಬಾಯಿಯ ಅಸ್ತ್ರ. "ಸಾಯಿ! ಕಮಲನಗರದಾಗ ಹಾಲಿನ ಕೆನಿಗಿ ಸಾಯ ಅಂತಾರ. ನಿಮ್ಮಲ್ಲಿ ಫಕೀರಗ ಸಾಯಿ ಅಂತೀರಿ. ನಮ್ಮಲ್ಲಿ..."

ಅಲ್ಲಿಗೆ ಅನುಸೂಯಾಬಾಯಿ ನಿಂತಳು. ಮುನವ್ವರ ಎರಡೂ ಕೈ ಚಾಚಿದಳು. "ಮೊದಲಿನ ಎರಡೇ ಇಟ್ಕೊಳ್ತೇನಿ ಬಾಯಿ," ಅಂದು ಬೋಗಾಣಿ ಇಳಿಸಿಕೊಂಡಳು.

ಆ ಬೋಗಾಣಿ ಮರಳಲಿಲ್ಲ. ತಂಬಿಗೆಯೂ ಇಲ್ಲ, ಬಟ್ಟಲೂ ಇಲ್ಲ! ಅನುಸೂಯಾಬಾಯಿಯ ಎದೆ ಹಿಗ್ಗಿತು. ಉತ್ತರ ಸಿಕ್ಕಿಲ್ಲ, ಶತ್ರುಸೈನ್ಯ ಕೋಟೆಯೊಳಗೆ ಬಂದಿಯಾಯಿತು! ಚರಗಿ ಹೋಯಿತು, ಪರಾತ ಹೋಯಿತು, ಗಂಗಾಳ ಹೋಯಿತು. ದೀಪಾವಳಿ ಹೊತ್ತಿಗೆ ಮನೆಯಲ್ಲಿ ಉಳಿದದ್ದು ರೊಟ್ಟಿ ಹಂಚು, ಒಂದು ಮಣ್ಣಿನ ಗಡಿಗೆ ಮತ್ತು ಜೋಳ ಅಳೆಯುವ ಸೇರು.

ಸರಿಯಾಗಿ ಹಬ್ಬದ ದಿನವೇ ಕಮಲನಗರದಿಂದ ತಮ್ಮ ಶಿವರಾಜಪ್ಪ ಬಂದ. ಅಕ್ಕ ಅವನಿಗೆ ರೊಟ್ಟಿಯನ್ನು ಕೈಯಲ್ಲಿ ಕೊಟ್ಟಳು. ಸಾರನ್ನು ಸೇರಿನಲ್ಲಿ ಕೊಟ್ಟಳು.

ಶಿವರಾಜಪ್ಪ ಸೇರನ್ನು ನೋಡಿದ. ಗೋಡೆಯ ಮಾಡ ನೋಡಿದ. ಮೂಲೆ ನೋಡಿದ.

"ಅಕ್ಕಾ, ಭಾಂಡಿ ಎಲ್ಲಿ?"

"ಬಾಜೂ ಮನ್ಯಾಗ."

"ಎಲ್ಲಾ?"

"ಎಲ್ಲಾ."

"ಯಾಕ?"

"ಅವರಿಗಿ ಮಾತು ಸಿಗವಲ್ದು. ಸಿಗೋತನಾ ಕೊಡಂಗಿಲ್ಲ."

ಶಿವರಾಜಪ್ಪನ ಕಣ್ಣು ತುಂಬಿತು. ಭಾವ ಹೋದ ದುಃಖ ಅಕ್ಕನ ತಲೆಗೇ ಏರಿದೆ! "ನಡಿ ಅಕ್ಕಾ, ಕಮಲನಗರಕ್ಕ ನಡಿ. ಮೊದಲ ನಾ ಭಾಂಡಿ ತರ್ತೇನಿ," ಅಂದವನೇ ಸೇರು ಹಿಡಿದುಕೊಂಡೇ ಎದ್ದ. "ಶಿವ್ಯಾ, ನಿಲ್ಲೋ! ನನ್ನ ಕೆಲಸ ಕೆಡಸ್ಬ್ಯಾಡ!" ಅನ್ನುತ್ತ ಅಕ್ಕ ಹಿಂದೆ ಓಡಿದಳು.

ಗೋಡೆಯಾಚೆಯ ಅಂಗಳದಲ್ಲಿ ಇಬ್ಬರೂ ನಿಂತುಬಿಟ್ಟರು.

ಅನುಸೂಯಾಬಾಯಿಯ ಸಮಸ್ತ ಭಾಂಡಿ ಅಲ್ಲಿ ಸಾಲಾಗಿ ಬೋರಲು ಬಿದ್ದಿತ್ತು. ಎದುರಿಗೆ ಮುರ್ತುಜಾ ಮಾಸ್ತರರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬೆತ್ತದ ತುದಿಯನ್ನು ಒಂದೊಂದು ತಳಕ್ಕೂ ಮುಟ್ಟಿಸಿ ಓದುತ್ತಿದ್ದರು.

"ಕೋ... ಳಿ. ತಾ... ಯಿ. ಸಾ..."

ಮುನವ್ವರ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಮಾಫ್ ಮಾಡ್ರಿ ಬಾಯಿ! ಉತ್ತರ ಆವಾಗೇ ಸಿಕ್ಕಿದ್ವು. ನಿಮ್ಮ ಭಾಂಡಿನೇ ಇವರು ಅಕ್ಷರ ಕಲಿಯೋ ಪಾಟಿ. ಪುಸ್ತಕ ಹಿಡದ್ರ ನಿದ್ದಿ ಬರ್ತದ. ಇದು ಹಿಡದ್ರ, ಒಂದೇ ಮಾತು ಇಲ್ಲಿ ಹಿಂಗ್ಯಾಕ, ಅಲ್ಲಿ ಹಂಗ್ಯಾಕ ಅಂತ ಕೂಡ್ತಾರ. ತೊಳದ್ರ ಅಕ್ಷರ ಹೋಗ್ತಾವಂತ ತೊಳದೂ ಇಲ್ಲ!"

ಅನುಸೂಯಾಬಾಯಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇವರು ಪಾಸಾದರೆ ಹೈದರಾಬಾದಿನ ಮಾತೇ ಇಲ್ಲ! ಈ ಸರಳ ಲೆಕ್ಕ ನನಗ್ಯಾಕೆ ಹೊಳೆಯಲಿಲ್ಲ? ತಮ್ಮನ ಕೈಯಿಂದ ಸೇರನ್ನು ಕಿತ್ತುಕೊಂಡಳು. ಅದರ ತಳಕ್ಕೂ ಒಂದು ಮಾತು ಬರೆದು ಸಾಲಿಗೆ ಇಟ್ಟಳು. ಸೇರಿನಲ್ಲಿ ಉಳಿದಿದ್ದ ಶಿವರಾಜಪ್ಪನ ಸಾರು ಏನಾಯಿತೋ ಯಾರೂ ಕೇಳಲಿಲ್ಲ.

ಮಾಸ್ತರರು ಬೀದರಿಗೆ ಹೋಗಿ ಪರೀಕ್ಷೆ ಬರೆದು ಬಂದರು.

"ಕೋಳಿ ಅಂದ್ರ ಏನು ಅಂತ ಬಂದಿತ್ತು ಬಾಯಿ," ಎಂದರು. "ನಾ ಎರಡೂ ಬರದೆ. ಜೇಡನೂ ಬರದೆ."

ಹೆಚ್ಚು ಬರೆದದ್ದಕ್ಕೆ ಯಾರೂ ಮಾರ್ಕು ಕಳೆಯಲಿಲ್ಲ. ಪಾಸು! ಅದೂ ಎಲ್ಲರಿಗಿಂತ ಮೇಲೆ! ಅನುಸೂಯಾಬಾಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. "ನನ್ನ ಭಾಂಡಿಯ ಪ್ರತಾಪ," ಅಂತ ಎದುರು ಮನೆಗೂ ಹೇಳಿದಳು, ಹಿಂದಿನ ಮನೆಗೂ ಹೇಳಿದಳು.

ವಾರದಲ್ಲಿ ಹುಕುಂ ಬಂತು. ಇಷ್ಟು ಚೆನ್ನಾಗಿ ಕನ್ನಡ ಬಲ್ಲವರು ಭಾಲ್ಕಿಯಲ್ಲಿ ಯಾಕೆ? ಕನ್ನಡ ಮಾಸ್ತರರೇ ಇಲ್ಲದ ಔರಾದಿಗೆ ಹೋಗಲಿ!

ಮುನವ್ವರ ಗೋಡೆಗೆ ಆತು ನಿಂತಳು. "ನಾಪಾಸ್ ಆದ್ರ ಹೈದರಾಬಾದ. ಪಾಸ್ ಆದ್ರ ಔರಾದ. ನಿಮ್ಮ ಬಾಜೂ ಉಳಿಲಿಕ್ಕಿ ಎಷ್ಟು ಮಾರ್ಕು ಬೇಕಿತ್ತು ಬಾಯಿ?"



ಹೋಗುವ ದಿನ ಮುನವ್ವರ ಬಂಡಿ ಹೂಡುವ ಮೊದಲು ಎಲ್ಲ ಭಾಂಡಿ ತಿಕ್ಕಿ ಥಳಥಳ ಮಾಡಿ ಮರಳಿಸಿದಳು. ಒಂದೂ ಬರಿದಲ್ಲ. ಅಕ್ಕಿ, ಬೆಲ್ಲ, ಖರ್ಜೂರ, ಸೇರಿನ ತುಂಬ ಶಾವಿಗೆ. ಅನುಸೂಯಾಬಾಯಿ ಆ ಸಾಲನ್ನು ನೋಡಿದಳು. ಒಳಗೆ ಹೋದಳು. ಗಂಡ ಹೋದಂದಿನಿಂದ ಓಣಿಯ ತಿರುವು ದಾಟದವಳು ಬಾಗಿಲಿಗೆ ಬೀಗ ಹಾಕಿ, ಗಂಟು ಹಿಡಿದು ಹೊರಗೆ ಬಂದಳು.

"ಎಲ್ಲಿಗಿ ಬಾಯಿ?"

"ಆ ಕಡಿ ಸರೀರಿ. ಹೊಸ ಮನಿ, ಒಲಿ ಹೂಡಬೇಕು, ನೀರಿನ ಹಾದಿ ನೋಡಬೇಕು. ನಿಮ್ಮ ಒಬ್ಬರ ಕೈಲಿ ಆಗ್ತದೇನು?"

ಭಾಲ್ಕಿ ಬಿಡಗೊಡುವುದಿಲ್ಲ ಎಂದು ಶಪಥ ಮಾಡಿದವಳು ಹೀಗೆ ಎಲ್ಲರಿಗಿಂತ ಮೊದಲು ಬಂಡಿ ಹತ್ತಿ ಕೂತಳು. ಮುನವ್ವರ ಅಳುತ್ತ ನಗುತ್ತ ಪಕ್ಕಕ್ಕೆ ಸರಿದಳು.

ಬಂಡಿ ಊರ ಅಗಸೆ ಬಾಗಿಲು ದಾಟಿತು. ಮಾಸ್ತರರು ಹಿಂದೆ ತಿರುಗಿ, ಹೊಸ ಕನ್ನಡದಲ್ಲಿ, ಬಹಳ ಅಕ್ಕರೆಯಿಂದ ಕೇಳಿದರು: "ಬಾಯಿ, ನೀವು ವಾಪಸ್ ಯಾವಾಗ ಹೋಗ್ತೀರಿ?"

ಅನುಸೂಯಾಬಾಯಿ ಕೆಂಡವಾದಳು. "ಇನ್ನಾ ಔರಾದ ಮುಟ್ಟಿಲ್ಲ, ಆಗಲೇ ಕಳಸ್ತೀರೇನ್ರಿ? ಮನಿಗಿ ಬರೋ ಮಂದಿಗಿ ಹಿಂಗ ಕೇಳ್ತಾರ? ಯಾವ ಶಾಣ್ಯಾ ಕಲಿಸ್ಯಾನ್ರಿ ನಿಮಗ ಈ ಕನ್ನಡ?"

ಮಾಸ್ತರರು ಕೈ ಜೋಡಿಸಿದರು.

"ನೀವೇ, ಬಾಯಿ."