ಒಳಗಿರುವವನ ಬಾಗಿಲು

ದೇವರಿಗೆ ಬಾಗಿಲು ಮಾಡಿಕೊಟ್ಟ ಬಡಗಿ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ, ಅವನು ತಾನೇ ಎಂಬುದು ಬಡಗಿಯಜ್ಜನ ಹೇಳಿಕೆ. ಅದೂ ಎಂಥ ಬಾಗಿಲು! ಬೆಳಕು ಹರಿಯುವಾಗ ಮರ ಇನ್ನೂ ಮರವಾಗಿ ಕಾಡಿನಲ್ಲಿ ನಿಂತಿತ್ತು, ದೀಪ ಹಚ್ಚುವ ಹೊತ್ತಿಗೆ ಬಾಗಿಲಾಗಿ ಮಂದಿರದಲ್ಲಿ ನಿಂತಿತ್ತು. ಮರ ಬಿತ್ತೆಂಬ ಸುದ್ದಿ ಅದರ ಎಲೆಗಳಿಗೆ ಮುಟ್ಟಿದ್ದು ಮಾರನೆಯ ದಿನ. ಇದನ್ನು ಸುಳ್ಳು ಎನ್ನಬಲ್ಲವರು ಮೂರೇ ಜನ. ಕೆಲಸ ಒಪ್ಪಿಸಿದ ಹಳೆಯ ಹಿರಿಯರು, ಗರಗಸದ ಇನ್ನೊಂದು ತುದಿ ಹಿಡಿದಿದ್ದ ಬಾವಮೈದ, ಊಟ ತಂದುಕೊಟ್ಟ ಹೆಂಡತಿ. ಮೂವರೂ ಈಗ ಅದೇ ಬಾಗಿಲಿನಿಂದ ಒಳಗೆ ಹೋಗಿದ್ದಾರೆ. ವಿಚಾರಿಸಬೇಕೆನ್ನುವವರು ಹೋಗಿ ವಿಚಾರಿಸಬಹುದು.

ಬಾಗಿಲ ಮತದವರ ನಂಬಿಕೆ ಬಹಳ ಸರಳ. ಮಂದಿರದ ಹಿಂಗೋಡೆಯಲ್ಲಿ ಒಂದು ಮುಚ್ಚಿದ ಬಾಗಿಲಿದೆ. ಅದರಾಚೆಯ ಕೋಣೆಯಲ್ಲಿ ಒಳಗಿರುವವನು ಇದ್ದಾನೆ, ನಮ್ಮ ಸತ್ತವರೆಲ್ಲ ಅವನ ಜೊತೆಗಿದ್ದಾರೆ. ಬಾಗಿಲನ್ನು ತೆರೆಯತಕ್ಕದ್ದಲ್ಲ. ಇಷ್ಟೇ. ಉಳಿದ ನಿಯಮಗಳೆಲ್ಲ ಇದರ ಮರಿಗಳು. ಯಾವ ಬಾಗಿಲನ್ನೂ ತಟ್ಟದೆ ದಾಟಬಾರದು. ಅದು ಸ್ವಂತ ಮನೆಯದ್ದಾಗಲಿ, ಖಾಲಿ ಮನೆಯದ್ದಾಗಲಿ, ಬಟ್ಟೆಯ ಬೀರುವಿನದ್ದಾಗಲಿ. ಒಳಗಿನಿಂದ ಉತ್ತರ ಬಾರದಿದ್ದಲ್ಲಿ ಅದನ್ನು ಅನುಮತಿ ಎಂದು ತಿಳಿಯತಕ್ಕದ್ದು. ಬೀರುವಿನ ಒಳಗಿನಿಂದ ಉತ್ತರ ಬಂದ ಪ್ರಸಂಗ ಒಂದೇ ಒಂದು. ಉತ್ತರ ಕೊಟ್ಟವನು ಆ ಮನೆಯವನಲ್ಲ, ಮನೆಯವರು ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದಾರೆ.

ಮಂದಿರದ ಹೆಬ್ಬಾಗಿಲಲ್ಲಿ ಒಂದು ಹಲಗೆ ತೂಗುತ್ತಿತ್ತು: "ಕೊಡೆ, ಊರುಗೋಲು ಹಾಗೂ ಸಂಶಯಗಳನ್ನು ಹೊರಗೆ ಬಿಟ್ಟು ಬರತಕ್ಕದ್ದು. ಕಳೆದುಹೋದಲ್ಲಿ ಸಮಿತಿ ಹೊಣೆಯಲ್ಲ." ಕೊಡೆಗಳು ಆಗಾಗ ಕಳೆದುಹೋಗುತ್ತಿದ್ದವು. ಸಂಶಯಗಳನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಪ್ರಾರ್ಥನೆ ಮುಗಿಸಿ ಬಂದ ಒಡೆಯರೂ ಅವನ್ನು ನೋಡಿ, ತಮ್ಮದಲ್ಲವೆಂಬಂತೆ ನಡೆದುಬಿಡುತ್ತಿದ್ದರು.

ಯಾರಾದರೂ ಸತ್ತರೆ ದೇಹವನ್ನು ಬಾಗಿಲ ಮುಂದಿಟ್ಟು ಹಿರಿಯರು ತಟ್ಟುತ್ತಾರೆ. ಉತ್ತರ ಬರುವುದಿಲ್ಲ. ಸದ್ಯ, ಅನುಮತಿ ಸಿಕ್ಕಿತು ಎಂದು ಬಂಧುಗಳು ಉಸಿರು ಬಿಡುತ್ತಾರೆ. ದೇಹ ಸ್ಮಶಾನಕ್ಕೆ ಹೋಗುತ್ತದೆ, ಜೀವ ಒಳಗೆ ಹೋಗುತ್ತದೆ. ಹೆಂಡತಿ ಹೀಗೆ ಒಳಗೆ ಹೋದಾಗಿನಿಂದ ಅಜ್ಜ ಸಂಜೆಯಾದರೆ ಬಾಗಿಲ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದ. ಏನು ಮಾಡ್ತಿದ್ದೀರಿ ಎಂದು ಕೇಳಿದರೆ, "ಕೀಲು ಸಡಿಲ ಆಗಿದ್ಯಾ ಅಂತ ನೋಡ್ತಿದ್ದೀನಿ" ಎನ್ನುತ್ತಿದ್ದ. ಎಂದೂ ತೆರೆಯದ ಬಾಗಿಲಿನ ಕೀಲು ಸಡಿಲವಾಗುವುದು ಹೇಗೆ ಎಂದು ಕೇಳುವಷ್ಟು ಕಲ್ಲುಮನಸ್ಸಿನವರು ಆ ಮತದಲ್ಲಿ ಯಾರೂ ಇರಲಿಲ್ಲ.

ಮಂದಿರದ ಹಿಂಗೋಡೆಗೆ ಬೆನ್ನು ತಾಗಿಸಿಕೊಂಡು ಒಂದು ಹಿಟ್ಟಿನ ಗಿರಣಿ ಇತ್ತು. ರಸ್ತೆ ಅಗಲ ಮಾಡಲೆಂದು ನಗರಸಭೆ ಅದನ್ನು ಕೆಡವಿತು. ಧೂಳು ಇಳಿದ ಮೇಲೆ ಮಂದಿರದ ಬೆನ್ನು ಮೊಟ್ಟಮೊದಲ ಬಾರಿಗೆ ಬೀದಿಗೆ ಕಾಣಿಸಿತು. ಇಟ್ಟಿಗೆ ಗೋಡೆ. ಗೋಡೆಗೆ ಅಂಟಿಕೊಂಡು ಚರಂಡಿ. ಚರಂಡಿ ದಾಟಿದರೆ ಬಸ್ಸು. ಬಾಗಿಲಿಗೆ ಕಿವಿಯಿಟ್ಟವರಿಗೆ ಇಷ್ಟು ವರ್ಷ ಕೇಳಿಸುತ್ತಿದ್ದ, ಒಳಗಿರುವವನ ಉಸಿರು ಎಂದು ಪ್ರಸಿದ್ಧವಾಗಿದ್ದ ಗುಂಯ್ ಎನ್ನುವ ಸದ್ದೂ ಅವತ್ತೇ ನಿಂತಿತು.

ಮೊದಲು ನೋಡಿದವಳು ಅಜ್ಜನ ಮಗಳು. ಬಟ್ಟೆ ಹೊಲಿಯುವ ಅಂಗಡಿಯಿಂದ ಬರುವಾಗ ನೋಡಿ, ನಿಂತು, ಇನ್ನೊಮ್ಮೆ ನೋಡಿ ಮನೆಗೆ ಬಂದಳು. ಬಾಗಿಲು ತಟ್ಟದೆ ಒಳಗೆ ನುಗ್ಗಿದಳು. ಅಷ್ಟಕ್ಕೇ, ಏನೋ ಆಗಿದೆ ಎಂದು ಅಜ್ಜನಿಗೆ ಗೊತ್ತಾಯಿತು.

"ಅಪ್ಪ, ಬಾಗಿಲ ಹಿಂದೆ ಏನೂ ಇಲ್ಲ."

"ಯಾವ ಕಡೆಯಿಂದ ನೋಡ್ದೆ?"

"ಹಿಂದಿನಿಂದ."

"ಹಿಂದಿನಿಂದ ನೋಡಿದ್ರೆ ನನಗೂ ಮುಖ ಇಲ್ಲ" ಎಂದು ಅಜ್ಜ ಚಪ್ಪಲಿ ಹುಡುಕತೊಡಗಿದ.

ಸಮಿತಿ ತುರ್ತು ಸಭೆ ಕರೆಯಿತು. ಕಾರ್ಯದರ್ಶಿ ಎದ್ದು ಗಂಟಲು ಸರಿಮಾಡಿಕೊಂಡು ಪ್ರಕಟಣೆ ಓದಿದ. "ಗಿರಣಿ ಬಿದ್ದಿರುವುದು ನಿಜ. ಗೋಡೆ ಕಾಣುತ್ತಿರುವುದೂ ನಿಜ. ಆದರೆ ಬಾಗಿಲನ್ನು ಮುಂದಿನಿಂದ ನೋಡತಕ್ಕದ್ದೆಂದು ಪದ್ಧತಿ ಇರುವುದರಿಂದ, ಹಿಂದಿನಿಂದ ನೋಡಿದ್ದನ್ನು ನೋಡಿದ್ದೆಂದು ಪರಿಗಣಿಸಲಾಗುವುದಿಲ್ಲ. ಉಸಿರು ನಿಂತಿರುವ ಬಗ್ಗೆ: ಒಳಗಿರುವವನು ಉಸಿರು ಬಿಗಿಹಿಡಿದು ನಮ್ಮನ್ನು ಪರೀಕ್ಷಿಸುತ್ತಿದ್ದಾನೆ. ಹೊಸ ರಸ್ತೆಯಲ್ಲಿ ಓಡಾಡುವ ಮತಸ್ಥರು ಕಣ್ಣು ಮುಚ್ಚಿಕೊಂಡು ಓಡಾಡತಕ್ಕದ್ದು. ಸಂಶಯಪಟ್ಟವರಿಗೆ ಒಳಗೆ ಜಾಗವಿಲ್ಲ. ಸತ್ತ ಮೇಲೆ ಅವರು ಬೇರೆ ಕೋಣೆ ನೋಡಿಕೊಳ್ಳತಕ್ಕದ್ದು."

ಕಣ್ಣು ಮುಚ್ಚಿ ನಡೆಯುವ ನಿಯಮದಿಂದ ಇಬ್ಬರು ಚರಂಡಿಗೆ ಬಿದ್ದರು, ಮೂಳೆ ವೈದ್ಯರೊಬ್ಬರು ಮತಕ್ಕೆ ಸೇರಿದರು. ಆದರೂ ಗುಸುಗುಸು ನಿಲ್ಲಲಿಲ್ಲ. ಕೊನೆಗೆ ಹಿರಿಯರು ಬಡಗಿಯಜ್ಜನನ್ನು ಸಾಕ್ಷಿಗೆ ಕರೆದರು. ಬಾಗಿಲು ಕೂರಿಸಿದ ಕೈಗಳಲ್ಲಿ ಬದುಕಿ ಉಳಿದಿರುವುದು ಅವನವೇ.

ಅಜ್ಜನಿಗೆ ಅಷ್ಟು ಜನ ಕಿವಿ ಕೊಟ್ಟದ್ದು ಅದೇ ಮೊದಲು. ಸುಮ್ಮನೆ ಬಿಡುತ್ತಾನೆಯೇ? ಉಳಿ ಇಟ್ಟರೆ ಉಳಿ ತಾನಾಗಿ ನಡೆಯುತ್ತಿತ್ತು ಎಂದ. ಕೀಸಿದ ಹೊಟ್ಟು ನೆಲಕ್ಕೆ ಬೀಳದೆ ಬಾಗಿಲ ಸಂದಿಯೊಳಗೆ ಸುಯ್ಯನೆ ಹೋಗುತ್ತಿತ್ತು ಎಂದ. ಒಂದು ಮೊಳೆ ಕೈತಪ್ಪಿ ಬಿದ್ದಾಗ, ಒಳಗಿನಿಂದ ಯಾರೋ ಎತ್ತಿ ಕೊಟ್ಟರು ಎಂದೂ ಹೇಳಿದ. ಹೆಂಗಸರು ಕಣ್ಣೊರೆಸಿಕೊಂಡರು. ಆಗ ಹಿಂದಿನ ಸಾಲಿನಿಂದ ಮಗಳು ಎದ್ದು ನಿಂತಳು.

"ಅಪ್ಪ, ಬಾಗಿಲು ಕೂರಿಸುವಾಗ ಗೋಡೆ ಒಡೆದ್ರಾ?"

ಅಜ್ಜ ಮೇಲೆ ನೋಡಿದ. ಸುಳ್ಳು ಅವನಿಗೆ ನೀರು ಕುಡಿದಷ್ಟು ಸಲೀಸು. ಆದರೆ ಕೆಲಸ ಹೇಗೆ ಮಾಡಿದೆ ಎಂದು ಯಾರಾದರೂ ನೇರವಾಗಿ ಕೇಳಿದರೆ, ಬಾಯಿ ಅವನ ಮಾತು ಕೇಳುತ್ತಿರಲಿಲ್ಲ.

"ಇಲ್ಲ. ಗೋಡೆ ಮೇಲೇ ಚೌಕಟ್ಟು ಇಟ್ಟು ಮೊಳೆ ಹೊಡೆದೆ."

ಕಾರ್ಯದರ್ಶಿ ನೀರಿನ ಲೋಟಕ್ಕೆ ಕೈಚಾಚಿದ.

"ಹಾಗಾದ್ರೆ ಹಿಂದೆ ಕೋಣೆ ಇರಲಿಲ್ಲ?"

"ಅವತ್ತು ಇರಲಿಲ್ಲ."

"ಮತ್ತೆ ಯಾವತ್ತು ಬಂತು?"

"ಅದನ್ನ ನನ್ನ ಕೇಳಿದ್ರೆ? ಕೋಣೆ ಕಟ್ಟೋದು ಗಾರೆಯವರ ಕೆಲಸ. ನಾನು ಬಡಗಿ."

ಹಿರಿಯರು ಕಣ್ಣು ಮುಚ್ಚಿ ತಲೆದೂಗಿದರು. ಇಡೀ ಸಭೆ ಹಗುರಾಯಿತು. "ಸಾಕ್ಷಿ ಪೂರ್ಣವಾಯಿತು" ಎಂದು ಕಾರ್ಯದರ್ಶಿ ಘೋಷಿಸಿದ. "ಕೋಣೆ ಇರಲಿಲ್ಲವೆಂದು ಬಡಗಿಯೇ ಹೇಳಿದ್ದಾನೆ. ಆದ್ದರಿಂದ ಅದು ಮನುಷ್ಯರು ಕಟ್ಟಿದ ಕೋಣೆಯಲ್ಲವೆಂದು ಸಿದ್ಧವಾಯಿತು."

ಮನೆಗೆ ಬಂದು ಮಗಳು ಊಟಕ್ಕೆ ಬಡಿಸಿ, ಎದುರಿಗೆ ಕುಳಿತು, ಮೆಲ್ಲಗೆ ಕೇಳಿದಳು.

"ಅಮ್ಮ ಅಲ್ಲಿಲ್ಲ ಅಂತ ನಿಂಗೆ ಗೊತ್ತು. ಗೊತ್ತಿಲ್ವಾ?"

ಅಜ್ಜ ತುತ್ತು ಕಲಸುತ್ತಾ ಕುಳಿತ. ಬಹಳ ಹೊತ್ತು ಕಲಸಿದ.

"ಅಲ್ಲಿಲ್ಲ ಅಂದ್ರೆ ಎಲ್ಲಿದ್ದಾಳೆ, ನೀನೇ ಹೇಳು. ವಿಳಾಸ ಕೊಡು. ನಾಳೆಯಿಂದ ಅಲ್ಲಿಗೆ ಹೋಗಿ ಕೂತ್ಕೋತೀನಿ."

ಮಗಳ ಹತ್ತಿರ ವಿಳಾಸ ಇರಲಿಲ್ಲ. ಇನ್ನೊಂದು ಸೌಟು ಸಾರು ಬಡಿಸಿದಳು.

ಅಷ್ಟಕ್ಕೆ ಮುಗಿಯುತ್ತಿತ್ತು. ಆದರೆ ನಗರಸಭೆಯ ಇಂಜಿನಿಯರು ಅಳತೆಪಟ್ಟಿ ಹಿಡಿದು ಬಂದ. ರಸ್ತೆ ಸಾಕಷ್ಟು ಅಗಲವಾಗಿಲ್ಲ, ಹಿಂಗೋಡೆ ರಸ್ತೆಯ ಪಾಲಿಗೆ ಸೇರುತ್ತದೆ, ತೆಗೆಯಬೇಕು ಎಂದ. ಹಿರಿಯರಿಗೆ ಬೆವರಿತು.

"ಬಾಗಿಲನ್ನೂ ತೆಗೀತೀರಾ?"

ಇಂಜಿನಿಯರು ಕೈಯಲ್ಲಿದ್ದ ಆದೇಶವನ್ನು ಹಿಂದೆಮುಂದೆ ತಿರುವಿದ. "ಇಲ್ಲಿ ಗೋಡೆ ಅಂತ ಮಾತ್ರ ಇದೆ. ಬಾಗಿಲು ನಮ್ಮ ಇಲಾಖೆಗೆ ಬರೋದಿಲ್ಲ. ಅದನ್ನ ಮುಟ್ಟಿದ್ರೆ ನನ್ನ ಕೆಲಸ ಹೋಗುತ್ತೆ."

"ಗೋಡೆ ತೆಗೆದ್ರೆ ಬಾಗಿಲು ನಿಲ್ಲೋದು ಹೇಗೆ?"

"ಅದು ಬಾಗಿಲಿನ ಇಲಾಖೆಯವರು ನೋಡ್ಕೋಬೇಕು."

ಬಾಗಿಲಿನ ಇಲಾಖೆ ಎಂಬುದು ಇಲ್ಲದ್ದರಿಂದ ಅಜ್ಜನೇ ಆ ಇಲಾಖೆಯಾದ. ಚೌಕಟ್ಟಿನ ಎರಡೂ ಬದಿಗೆ ಓರೆಗಂಬ ಕೊಟ್ಟ, ಬುಡವನ್ನು ನೆಲಕ್ಕೆ ಹೂತ. ಕೆಡವುವ ದಿನ ಮತದವರೆಲ್ಲ ಬಾಗಿಲ ಎದುರಿಗೆ ಒಂದೇ ಸಾಲಾಗಿ, ಒಬ್ಬರ ಹಿಂದೆ ಒಬ್ಬರು ನಿಂತರು. ಬಾಗಿಲಿಗಿಂತ ಅಗಲವಾಗಿ ನಿಂತರೆ ಬೇಡದ್ದೆಲ್ಲ ಕಣ್ಣಿಗೆ ಬೀಳುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೋಡೆ ಎಡಕ್ಕೆ ಬಿತ್ತು, ಬಲಕ್ಕೆ ಬಿತ್ತು, ಮೇಲಿನದು ಉದುರಿತು. ಬಾಗಿಲು ನಿಂತಿತು. ಅದರ ಆಚೆ ಬಸ್ಸು ಹೋಗುವುದು ಎಡಗಡೆ ಕಾಣಿಸಿ, ಬಾಗಿಲಲ್ಲಿ ಮರೆಯಾಗಿ, ಬಲಗಡೆ ಮತ್ತೆ ಕಾಣಿಸಿತು.

"ನೋಡಿದ್ರಾ! ಅಷ್ಟು ದೊಡ್ಡ ಬಸ್ಸನ್ನ ನುಂಗಿ ಉಗುಳ್ತು!" ಎಂದು ಯಾರೋ ಉದ್ಗರಿಸಿದರು.

ಇಂಜಿನಿಯರಿಗೆ ತಲೆಬಿಸಿಯಾಗಿತ್ತು. ಅವನ ಕೂಲಿಯಾಳೊಬ್ಬ ಇಟ್ಟಿಗೆ ಬುಟ್ಟಿ ಹೊತ್ತು ಬಾಗಿಲಿನ ಮೂಲಕ ದಾಟಿಬಿಡಲು ಚಿಲಕಕ್ಕೆ ಕೈಹಾಕಿದ. ಅಜ್ಜ ಅವನ ಕೈಮೇಲೆ ತನ್ನ ಕೈಯಿಟ್ಟ.

"ತಟ್ಟದೆ ತೆಗೀಬಾರದು."

"ಅಷ್ಟೇ ತಾನೇ?" ಎಂದ ಇಂಜಿನಿಯರು ತಾನೇ ಮುಂದೆ ಬಂದು ತಟ್ಟಿದ. ಎಲ್ಲರೂ ಕಾದರು. ಒಂದು ಸೈಕಲ್ಲಿನ ಗಂಟೆ ಕೇಳಿಸಿತು, ಬೇರೇನೂ ಕೇಳಿಸಲಿಲ್ಲ. "ಉತ್ತರ ಬರಲಿಲ್ಲ. ನಿಮ್ಮ ನಿಯಮದ ಪ್ರಕಾರ ಅನುಮತಿ ಸಿಕ್ಕಿದ ಹಾಗೆ ಅಲ್ವಾ? ತೆಗೀಲಾ?"

ಹಿರಿಯರ ಮುಖ ಸುಣ್ಣವಾಯಿತು. ಮತದ ಇತಿಹಾಸದಲ್ಲಿ ಅಷ್ಟು ಕಷ್ಟದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅದೂ ಮತದ ನಿಯಮದಿಂದಲೇ. ಅಜ್ಜ ಬಾಗಿಲಿಗೆ ಬೆನ್ನು ಕೊಟ್ಟು ಅಡ್ಡ ನಿಂತ. ಕಣ್ಣಲ್ಲೇ ಮಗಳನ್ನು ಹುಡುಕಿದ. ಅವಳು ಸಾಲಿನಲ್ಲಿರಲಿಲ್ಲ, ಪಕ್ಕದಲ್ಲಿ, ಎರಡೂ ಕಡೆ ಕಾಣಿಸುವ ಜಾಗದಲ್ಲಿ ನಿಂತಿದ್ದಳು. ಅಪ್ಪನನ್ನು ನೋಡಿದಳು. ಒಂದು ಮಾತು ಆಡಿದ್ದರೆ ಎಲ್ಲ ಮುಗಿಯುತ್ತಿತ್ತು. ಅವಳು ಇಂಜಿನಿಯರ ಕಡೆ ತಿರುಗಿ ಹೇಳಿದಳು:

"ಸಾರ್, ಆ ಅನುಮತಿ ಸತ್ತವರಿಗೆ. ನೀವು ಸತ್ತಿದ್ದೀರಾ?"

ಇಂಜಿನಿಯರು ಪ್ರಾಮಾಣಿಕ ಮನುಷ್ಯ. ಸ್ವಲ್ಪ ಯೋಚಿಸಿದ. "ಅದನ್ನ ಮೇಲಧಿಕಾರಿಗಳನ್ನ ಕೇಳಿ ಹೇಳಬೇಕಾಗುತ್ತೆ" ಎಂದು ಅಳತೆಪಟ್ಟಿ ಸುತ್ತಿಕೊಂಡು ಹೋದ.

ಮೇಲಧಿಕಾರಿಗಳಿಂದ ಇದುವರೆಗೂ ಉತ್ತರ ಬಂದಿಲ್ಲ. ಉತ್ತರ ಬಾರದಿದ್ದಲ್ಲಿ ಅನುಮತಿ ಎಂದು ತಿಳಿಯುವುದು ಬಾಗಿಲ ಮತದವರಲ್ಲಿ ಮಾತ್ರ, ನಗರಸಭೆಯಲ್ಲಿ ಹಾಗಿಲ್ಲ. ಆದ್ದರಿಂದ ಬಾಗಿಲು ಅಲ್ಲೇ ಉಳಿಯಿತು, ರಸ್ತೆ ಅದರ ಸುತ್ತ ಬಳಸಿಕೊಂಡು ಹೋಯಿತು. ನಗರಸಭೆ ಬುಡಕ್ಕೆ ಬಿಳಿ ಸುಣ್ಣದ ಪಟ್ಟಿ ಬಳಿದು, "ಮುಂದೆ ಬಾಗಿಲಿದೆ, ನಿಧಾನ" ಎಂದು ಫಲಕ ನೆಟ್ಟಿತು. ಸಮಿತಿ ಬಾಗಿಲ ಹಿಂಬದಿಗೂ ಒಂದು ಕಾಣಿಕೆ ಡಬ್ಬಿ ಇಟ್ಟಿತು, ಯಾವ ಕಡೆಯಿಂದ ಬಂದ ಭಕ್ತಿಯೂ ವ್ಯರ್ಥವಾಗಬಾರದೆಂದು. ಬಸ್ಸಿನ ಕಂಡಕ್ಟರು "ಬಾಗಿಲು, ಬಾಗಿಲು, ಇಳಿಯೋರು ಬನ್ನಿ" ಎಂದು ಕೂಗುತ್ತಾನೆ. ಅಗಲವಾದ ರಸ್ತೆ ಮೊದಲಿಗಿಂತ ಇಕ್ಕಟ್ಟಾಗಿದೆ, ಯಾರೂ ಬೇಸರಪಟ್ಟಿಲ್ಲ. ಗೋಡೆಯೇ ಇಲ್ಲದೆ ನಿಂತ ಬಾಗಿಲನ್ನು ಕಣ್ಣಾರೆ ಕಂಡವರು, ಅದಕ್ಕೆ ಕೋಣೆಯಾದರೂ ಯಾಕೆ ಬೇಕು ಎನ್ನುತ್ತಾರೆ. ಮತಕ್ಕೆ ಸೇರುವವರು ಹೆಚ್ಚಾಗಿದ್ದಾರೆ. ಮಗಳು ಮಾತ್ರ ದೂರವೇ ಉಳಿದಿದ್ದಾಳೆ. ಅಂಗಡಿಯಿಂದ ಬರುವಾಗ ಬಟ್ಟೆಯ ಚೂರಿನಿಂದ ಬಾಗಿಲ ಮೇಲಿನ ಧೂಳು ಒರೆಸಿ ಹೋಗುತ್ತಾಳೆ, ಕೇಳಿದರೆ "ರಸ್ತೆ ಧೂಳು, ಬೇರೇನಿಲ್ಲ" ಎನ್ನುತ್ತಾಳೆ.

ಅಜ್ಜ ಸಂಜೆ ಮಣೆ ಹಾಕಿಕೊಂಡು ಕೂರುತ್ತಾನೆ. ಈಗ ಅವನ ಸುತ್ತ ಬಸ್ಸಿಗೆ ಕಾಯುವವರ ಸಣ್ಣ ಗುಂಪು ಇರುತ್ತದೆ, ಅಂದರೆ ಅವನಿಗೆ ಬೇಕಾದಷ್ಟು ಕಿವಿಗಳು. ಮೊನ್ನೆ ಅವರಿಗೆ ಹೇಳುತ್ತಿದ್ದ:

"ನಿನ್ನೆ ಏನಾಯ್ತು ಗೊತ್ತಾ? ಒಂದೇ ಸಮ ಕೆಮ್ಮು ನನಗೆ. ಬಾಗಿಲ ಹಿಂದಿನಿಂದ ಸ್ಪಷ್ಟವಾಗಿ ಕೇಳಿಸ್ತು, 'ಕೆಮ್ಮಿದ್ದು ಸಾಕು, ಎದ್ದು ಮನೆಗೆ ಹೋಗಿ ಬಿಸಿನೀರು ಕುಡಿ' ಅಂತ. ಅದೇ ಗದರಿಕೆ. ಅವಳಲ್ಲದೆ ಇನ್ಯಾರು?"

ಬಾಗಿಲ ಹಿಂದೆ, ಅದರ ನೆರಳಿನಲ್ಲಿ, ಬೀಗದ ಕೈ ಮಾಡುವವನೊಬ್ಬ ಪೆಟ್ಟಿಗೆ ಇಟ್ಟುಕೊಂಡು ಕೂರತೊಡಗಿದ್ದ. ಅವನು ಚೌಕಟ್ಟಿನ ಪಕ್ಕದಿಂದ ತಲೆ ಹೊರಗೆ ಹಾಕಿದ.

"ಅಜ್ಜ, ಅದು ನಾನು ಅಂದಿದ್ದು."

ಬಸ್ಸಿಗೆ ಕಾಯುತ್ತಿದ್ದವರು ಕಿಸಕ್ಕನೆ ನಕ್ಕರು. ಅಜ್ಜ ಅವನನ್ನು ನೋಡಿದ, ಬಾಗಿಲನ್ನು ನೋಡಿದ, ಹೆಗಲು ಕುಣಿಸಿದ.

"ಇರಬಹುದಪ್ಪ. ನೀನೂ ಒಳಗೆ ಕೂತಿದ್ದೀಯಲ್ಲ. ಅವಳಿಗೂ ಸ್ವಲ್ಪ ಜಾಗ ಬಿಟ್ಟು ಕೂತ್ಕೋ."

ಬೀಗದ ಕೈಯವನು ಪೆಟ್ಟಿಗೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿಕೊಂಡ.